ಶುಕ್ರವಾರದ ಊಟಕ್ಕೆ ದುಡ್ಡು ಕೊಡುವವರು ಯಾರು?

ಹೋದ ತಿಂಗಳು ಹೊರದೇಶಕ್ಕೆ ಓದಲು ಹೋದ ಮಕ್ಕಳ ಊಟದ ಪಾಡು ಬರೆಯುವಾಗ ಒಂದು ಸಾಲು ಸೇರಿಸಿದ್ದೆ. ಅಮೆರಿಕದ ಎಷ್ಟೋ ಕಾಲೇಜುಗಳಲ್ಲಿ ಯಹೂದಿ ವಿದ್ಯಾರ್ಥಿಗಳ ಕೇಂದ್ರದಲ್ಲಿ ಶುಕ್ರವಾರ ರಾತ್ರಿ ಪುಕ್ಕಟೆ ಊಟ ಇರುತ್ತದೆ, ಬೇರೆ ಧರ್ಮದ ಮಕ್ಕಳನ್ನೂ ಕೂರಿಸಿ ಬಡಿಸುತ್ತಾರೆ ಅಂತ. ಉಳಿದ ಎರಡು ಪುಟವನ್ನು ಯಾರೂ ಓದಿದ ಹಾಗಿಲ್ಲ. ಬಂದ ಪತ್ರಗಳೆಲ್ಲ ಆ ಒಂದು ಸಾಲಿನ ಬಗ್ಗೆಯೇ. ಸರಿ, ಈ ಸಲ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಅಕ್ಕಾ, ನನ್ನ ಮಗಳು ಅಮೆರಿಕದಲ್ಲಿ ಎಂ.ಎಸ್. ಮಾಡುತ್ತಿದ್ದಾಳೆ. ರೂಮ್‌ಮೇಟ್ ಯಹೂದಿ ಹುಡುಗಿ. ಅವಳ ಜೊತೆ ಇವಳೂ ಪ್ರತಿ ಶುಕ್ರವಾರ ‘ಹಿಲೆಲ್’ ಅನ್ನುವ ಕಡೆ ಊಟಕ್ಕೆ ಹೋಗುತ್ತಾಳಂತೆ. ದುಡ್ಡು ತಗೊಳ್ಳುವುದಿಲ್ಲವಂತೆ. ಈ ಕಾಲದಲ್ಲಿ ಸುಮ್ನೆ ಯಾರು ಊಟ ಹಾಕುತ್ತಾರೆ? ಮತಾಂತರದ ಉದ್ದೇಶ ಇರಬಹುದಾ ಅಂತ ನಮ್ಮ ಯಜಮಾನರಿಗೆ ಚಿಂತೆ. ಹೋಗು ಅನ್ನುವುದಾ, ಬೇಡ ಅನ್ನುವುದಾ?
– ಒಬ್ಬ ತಾಯಿ, ಸಿದ್ದಾಪುರ

ಉತ್ತರ: ಹೋಗು ಅನ್ನಿ. ಮತಾಂತರದ ಭಯ ಇಲ್ಲಿ ಬೇಡವೇ ಬೇಡ. ಬೇರೆಯವರನ್ನು ತಮ್ಮ ಧರ್ಮಕ್ಕೆ ಕರೆಯುವ ಪದ್ಧತಿಯನ್ನೇ ಯಹೂದಿಗಳು ಇಟ್ಟುಕೊಂಡಿಲ್ಲ. ತಾವಾಗಿಯೇ ಸೇರುತ್ತೇವೆ ಅಂತ ಬಂದವರನ್ನೂ ರಬ್ಬಿಗಳು, ಅಂದರೆ ಅವರ ಧರ್ಮಗುರುಗಳು, ಮೊದಲು ವಾಪಸ್ ಕಳಿಸಲು ನೋಡುತ್ತಾರೆ. ಆಮೇಲೂ ಬಿಡದೆ ಬಂದರೆ ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ ಓದಿಸಿ, ಕೊನೆಗೆ ಮೂವರ ಮುಂದೆ ಕೂರಿಸಿ ಪ್ರಶ್ನೆ ಕೇಳುತ್ತಾರೆ. ನಿಮ್ಮ ಮಗಳಿಗೆ ಎಂ.ಎಸ್. ಪರೀಕ್ಷೆಯೇ ಸಾಕಾಗಿರುತ್ತದೆ.

ಹಾಗಾದರೆ ಊಟ ಯಾಕೆ? ಅದು ಅವರದೇ ಮಕ್ಕಳಿಗಾಗಿ ಶುರುವಾದದ್ದು. 1923ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬೆಂಜಮಿನ್ ಫ್ರಾಂಕೆಲ್ ಅನ್ನುವ ತರುಣ ರಬ್ಬಿ ಮೊದಲ ಹಿಲೆಲ್ ಕೇಂದ್ರ ತೆರೆದರು. ಅದಕ್ಕೆ ಒತ್ತಾಯ ಮಾಡಿದವರಲ್ಲಿ ಒಬ್ಬರು ಅದೇ ವಿಶ್ವವಿದ್ಯಾಲಯದ ಕ್ರೈಸ್ತ ಪ್ರೊಫೆಸರ್ ಎಡ್ವರ್ಡ್ ಬಾಲ್ಡ್‌ವಿನ್. ಬೈಬಲ್ ಸಾಹಿತ್ಯದ ಪಾಠ ಮಾಡುತ್ತಿದ್ದ ಅವರಿಗೆ, ತಮ್ಮ ಕ್ಲಾಸಿನ ಯಹೂದಿ ಹುಡುಗರಿಗೇ ತಮ್ಮ ಹಿರಿಯರ ಗ್ರಂಥ ಗೊತ್ತಿಲ್ಲವಲ್ಲ ಅಂತ ಬೇಸರವಾಗಿತ್ತಂತೆ. ಈ ಕಥೆ ನನಗೆ ಇಷ್ಟ. ಇವತ್ತು ಹಿಲೆಲ್ ನೂರಾರು ಕಾಲೇಜುಗಳಲ್ಲಿದೆ. ಹೆಸರು ಎರಡು ಸಾವಿರ ವರ್ಷದ ಹಿಂದಿನ ಒಬ್ಬ ಗುರುವಿನದು.

ಇನ್ನೊಂದು ಬಗೆಯ ಮನೆಯೂ ಇದೆ, ಅದನ್ನು ಖಬಾದ್ ಅನ್ನುತ್ತಾರೆ. ಇದು ಸ್ವಲ್ಪ ಜಾಸ್ತಿ ಸಂಪ್ರದಾಯದವರದು. ರಬ್ಬಿ ಮತ್ತು ಅವರ ಹೆಂಡತಿ ಮಕ್ಕಳು ಮರಿ ಸಮೇತ ಕಾಲೇಜಿನ ಪಕ್ಕದಲ್ಲೇ ಮನೆ ಮಾಡಿ, ಆ ಮನೆಯನ್ನೇ ವಿದ್ಯಾರ್ಥಿಗಳಿಗೆ ತೆರೆದಿಡುತ್ತಾರೆ. ಕಾಲೇಜಿನ ಪಕ್ಕದ ಮೊದಲ ಖಬಾದ್ ಮನೆ 1969ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಶುರುವಾಯಿತು. ಇವರ ಮುಖ್ಯ ಗುರಿ ಯಹೂದಿ ಮಕ್ಕಳೇ. ಗೆಳೆಯರ ಜೊತೆ ಬಂದವರನ್ನು ಸಾಮಾನ್ಯವಾಗಿ ಎಬ್ಬಿಸಿ ಕಳಿಸುವುದಿಲ್ಲ, ಆದರೆ ಹೋಗುವ ಮೊದಲು ಒಂದು ಮಾತು ಕೇಳಿಸುವುದು ಒಳ್ಳೆಯದು.

ದುಡ್ಡಿನ ವಿಷಯ. ಊಟ ಪುಕ್ಕಟೆ ಅಲ್ಲ, ಬಿಲ್ ನಿಮ್ಮ ಮಗಳ ಮುಂದೆ ಬರುವುದಿಲ್ಲ, ಅಷ್ಟೇ. ಹಳೆ ವಿದ್ಯಾರ್ಥಿಗಳು, ಅಪ್ಪ ಅಮ್ಮಂದಿರು, ಊರಿನ ಯಹೂದಿ ಸಂಘಗಳು ಮೊದಲೇ ಕಟ್ಟಿರುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಅದೇ ಟೇಬಲ್‌ನಲ್ಲಿ ಉಂಡು ಹೋದವನು ಇವತ್ತು ಒಂದು ಶುಕ್ರವಾರದ ಖರ್ಚು ತನ್ನದು ಅನ್ನುತ್ತಾನೆ. ಮಗಳ ಹುಟ್ಟುಹಬ್ಬಕ್ಕೋ ತೀರಿಕೊಂಡ ಅಪ್ಪನ ನೆನಪಿಗೋ ಒಂದು ಊಟ ಹಾಕಿಸುವವರೂ ಇದ್ದಾರೆ. ನಮ್ಮ ದೇವಸ್ಥಾನದಲ್ಲಿ ಒಂದು ದಿನದ ಅನ್ನದಾನಕ್ಕೆ ಹೆಸರು ಬರೆಸಿದ ಹಾಗೆ. ಇಂಥದ್ದು ನಿಮ್ಮ ಯಜಮಾನರಿಗೆ ಹೊಸದೇನಲ್ಲ, ಅಲ್ವಾ?

ಮಗಳಿಗೆ ಗೊತ್ತಿರಬೇಕಾದ ಕೆಲವು ಸಂಗತಿ ಹೇಳಿಬಿಡುತ್ತೇನೆ. ಅವರ ವಿಶ್ರಾಂತಿಯ ದಿನ ಶಬ್ಬಾತ್ ಶುಕ್ರವಾರ ಸೂರ್ಯ ಮುಳುಗುವಾಗ ಶುರುವಾಗಿ ಶನಿವಾರ ಕತ್ತಲಾಗುವ ತನಕ ಇರುತ್ತದೆ. ಸೂರ್ಯ ಮುಳುಗಲು ಸಾಮಾನ್ಯವಾಗಿ 18 ನಿಮಿಷ ಇರುವಾಗ ಹೆಂಗಸರು ಮೇಣದಬತ್ತಿ ಹಚ್ಚುತ್ತಾರೆ. ಆಮೇಲೆ ಹಾಡು, ದ್ರಾಕ್ಷಾರಸದ ಬಟ್ಟಲು ಹಿಡಿದು ಪ್ರಾರ್ಥನೆ, ನಂತರ ಕೈ ತೊಳೆಯುವುದು. ಕೈ ತೊಳೆದ ಮೇಲೆ ರೊಟ್ಟಿ ಬಾಯಿಗೆ ಹೋಗುವ ತನಕ ಮಾತಾಡುವಂತಿಲ್ಲ. ಅಷ್ಟು ಹೊತ್ತು ಗಲಗಲ ಅನ್ನುತ್ತಿದ್ದ ಟೇಬಲ್ ಇದ್ದಕ್ಕಿದ್ದ ಹಾಗೆ ಮೌನವಾದರೆ, ತನ್ನಿಂದ ಏನೋ ತಪ್ಪಾಯಿತು ಅಂತ ಹೊಸಬರು ಗಾಬರಿಯಾಗುತ್ತಾರೆ. ಏನೂ ಆಗಿಲ್ಲ, ರೊಟ್ಟಿ ಬರಲಿ ಅಂತ ಕಾಯುತ್ತಿದ್ದಾರೆ. ಆ ಜಡೆ ಹೆಣೆದ ರೊಟ್ಟಿಗೆ ಹಲ್ಲಾ ಅನ್ನುತ್ತಾರೆ, ಬಟ್ಟೆ ಮುಚ್ಚಿ ಎರಡು ಇಟ್ಟಿರುತ್ತಾರೆ, ಉಪ್ಪು ಮುಟ್ಟಿಸಿ ಕೊಡುತ್ತಾರೆ.

ಕಟ್ಟುನಿಟ್ಟಾಗಿ ನಡೆಯುವ ಕಡೆ ಆ ರಾತ್ರಿ ಫೋನ್ ಹೊರಗೆ ತೆಗೆಯಬಾರದು, ಫೋಟೋ ಬೇಡ, ಬಾತ್‌ರೂಮಿನ ಲೈಟ್ ಆರಿಸಬಾರದು. ನಮ್ಮ ಮಕ್ಕಳಿಗೆ ಲೈಟ್ ಆರಿಸುವ ಅಭ್ಯಾಸ ನಾವೇ ಬೈದು ಬೈದು ಮಾಡಿಸಿರುತ್ತೇವೆ, ಅಲ್ಲಿ ಹಾಗೆ ಮಾಡಿದರೆ ಇಡೀ ಮನೆ ಶನಿವಾರ ರಾತ್ರಿ ತನಕ ಕತ್ತಲಲ್ಲಿ ಬಾತ್‌ರೂಮಿಗೆ ಹೋಗಬೇಕಾಗುತ್ತದೆ. ಕೆಲವು ರಬ್ಬಿಗಳು ಹೆಂಗಸರ ಕೈ ಕುಲುಕುವುದಿಲ್ಲ. ಅವಮಾನ ಅಂತ ತಿಳಿಯಬಾರದು, ನಮ್ಮ ಹಾಗೆ ಕೈ ಮುಗಿದರೆ ಮುಗಿಯಿತು. ಮನೆಯಲ್ಲಿ ಮಾಡಿದ ತಿಂಡಿ ಕಟ್ಟಿಕೊಂಡು ಹೋಗಬಾರದು. ಯಾಕೆ ಅನ್ನುವುದು ಕೆಳಗೆ ವಿರಾಜಪೇಟೆಯವರ ಪ್ರಶ್ನೆಯಲ್ಲಿ ಬರುತ್ತದೆ. ಬರುತ್ತೇನೆ ಅಂತ ಮೊದಲೇ ಹೆಸರು ಕೊಟ್ಟು ಹೋಗದೇ ಇರುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಅಡುಗೆ ಲೆಕ್ಕ ಹಾಕಿಯೇ ಮಾಡಿರುತ್ತಾರೆ, ಆ ರಾತ್ರಿ ಹೊಸದಾಗಿ ಒಲೆ ಹಚ್ಚುವಂತಿಲ್ಲ.

ಪ್ರಶ್ನೆ: ನಮ್ಮ ಕೊಡಗಿನಲ್ಲಿ ಯಹೂದಿಗಳು ಇದ್ದಾರಾ? ಎಲ್ಲಿ ನೋಡಬಹುದು?
– ಪಿಯುಸಿ ವಿದ್ಯಾರ್ಥಿ, ಕುಶಾಲನಗರ

ಉತ್ತರ: ನೋಡುವುದಕ್ಕೆ ಅವರೇನು ದುಬಾರೆಯ ಆನೆಗಳಾ ಮಾರಾಯ? ಕೊಡಗಿನಲ್ಲಿ ಅವರ ಪ್ರಾರ್ಥನಾ ಮಂದಿರ ಇಲ್ಲ. ಸಿನಗಾಗ್ ಅನ್ನುತ್ತಾರೆ ಅದಕ್ಕೆ. ನಮ್ಮ ಕಡೆ ಹೆಸರಾದ ಹಳೆಯದು ಕೊಚ್ಚಿಯ ಮಟ್ಟಾಂಚೇರಿಯಲ್ಲಿ, 1568ರದ್ದು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಯಹೂದಿಗಳ ಹಳೆಯ ಸ್ಮಶಾನವಿದೆ, ಮೈಸೂರು ಮಹಾರಾಜರು ಕೊಟ್ಟ ಜಾಗ. ಇಡೀ ದೇಶದಲ್ಲಿ ಈಗ ಉಳಿದಿರುವವರು ಕೆಲವೇ ಸಾವಿರ, ಜಾಸ್ತಿ ಮುಂಬೈ ಸುತ್ತಮುತ್ತ.

ಆದರೆ ಹಳೆಯ ನಂಟು ನಮ್ಮ ಘಟ್ಟದ ಕೆಳಗೇ ಇದೆ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನುವ ಯಹೂದಿ ವ್ಯಾಪಾರಿ, ಮೂಲ ಟುನೀಶಿಯಾದವನು, ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದ. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಯೆಮೆನ್ನಿನ ಏಡನ್ ಬಂದರಿನ ಕಡೆಗೆ ಕಳಿಸುತ್ತಿದ್ದ. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟಿದ್ದ. ಆಶು ಅನ್ನುವ ಇಲ್ಲಿನ ಹೆಣ್ಣಿನ ಜೊತೆ ಸಂಸಾರ ಮಾಡಿದ. ಅವನ ಪತ್ರಗಳು ಕೈರೋದ ಸಿನಗಾಗ್ ಒಂದರ ಕೋಣೆಯಲ್ಲಿ ಸಿಕ್ಕಿವೆ. ಕಾಲೇಜಿನ ಮಾತೇ ಬೇಕು ಅಂದರೆ, ಕೋಲ್ಕತ್ತಾದಲ್ಲಿ 1881ರಲ್ಲಿ ಯಹೂದಿ ಹೆಣ್ಣುಮಕ್ಕಳಿಗಾಗಿ ತೆರೆದ ಶಾಲೆ ಇವತ್ತಿಗೂ ಅದೇ ಹೆಸರಲ್ಲಿ ನಡೆಯುತ್ತಿದೆ, ಓದುವವರಲ್ಲಿ ಹೆಚ್ಚಿನವರು ಮುಸ್ಲಿಂ ಹುಡುಗಿಯರು. ಪುಣೆಯ ಸಸೂನ್ ಆಸ್ಪತ್ರೆ ಡೇವಿಡ್ ಸಸೂನ್ ಅನ್ನುವ ಬಾಗ್ದಾದಿ ಯಹೂದಿಯ ದುಡ್ಡಿನಿಂದ ಎದ್ದದ್ದು, ಈಗ ಅಲ್ಲಿನ ಬಿ.ಜೆ. ಮೆಡಿಕಲ್ ಕಾಲೇಜಿನ ಮಕ್ಕಳು ಅಲ್ಲೇ ಕಲಿಯುತ್ತಾರೆ.

ಪ್ರಶ್ನೆ: ನಮ್ಮದು ತೋಟದ ಮನೆ. ದೇವರಕಾಡುಗಳ ಬಗ್ಗೆ ಅಧ್ಯಯನ ಮಾಡಲು ಅಮೆರಿಕದ ಕಾಲೇಜೊಂದರಿಂದ ಹುಡುಗಿಯೊಬ್ಬಳು ಬರುತ್ತಿದ್ದಾಳೆ, ಕೆಲವು ವಾರ ನಮ್ಮಲ್ಲೇ ಇರುತ್ತಾಳೆ. ‘ನಾನು ಯಹೂದಿ, ಕೋಶರ್ ಪಾಲಿಸುತ್ತೇನೆ’ ಅಂತ ಬರೆದಿದ್ದಾಳೆ. ಕೊಡಗಿಗೆ ಬಂದು ಪಂದಿಕರಿ ತಿನ್ನದೇ ಹೋಗುವುದಾ? ಏನು ಮಾಡಿ ಹಾಕಲಿ?
– ವಿರಾಜಪೇಟೆ ಓದುಗರು

ಉತ್ತರ: ಪಂದಿಕರಿ ಆಸೆ ಬಿಡಿ. ಅವರಿಗೆ ಹಂದಿ ಆಗುವುದಿಲ್ಲ ಅನ್ನುವುದು ನಿಮಗೂ ಗೊತ್ತು, ಆದರೆ ಕೇಳದೇ ಇರಲು ಮನಸ್ಸಾಗಲಿಲ್ಲ. ಅರ್ಥವಾಗುತ್ತದೆ.

ಕೋಶರ್ ಅಂದರೆ ಯಹೂದಿಗಳ ಊಟದ ಕಟ್ಟಳೆ. ಮೊದಲ ಕೆಲಸ, ಅವಳನ್ನೇ ಕೇಳಿ. ಹಂದಿ ಒಂದು ಬಿಟ್ಟರೆ ಸಾಕು ಅನ್ನುವ ಯಹೂದಿಗಳಿಂದ ಹಿಡಿದು ನಮ್ಮ ಲೋಟದಲ್ಲಿ ನೀರೂ ಕುಡಿಯಲು ಯೋಚಿಸುವವರ ತನಕ ಇದ್ದಾರೆ, ಏನನ್ನೂ ಪಾಲಿಸದವರೂ ಬೇಕಾದಷ್ಟು. ಇವಳು ಮೊದಲೇ ಬರೆದು ತಿಳಿಸಿದ್ದಾಳೆ ಅಂದರೆ ಸ್ವಲ್ಪ ಗಟ್ಟಿಯಾಗಿಯೇ ನಡೆಯುವವಳು.

ಗಟ್ಟಿಯಾಗಿ ಪಾಲಿಸುವವರ ಲೆಕ್ಕ ಹೀಗೆ. ಮೇಕೆ, ಕುರಿ, ದನ, ಕೋಳಿ ಆಗುತ್ತದೆ, ಆದರೆ ಅವರದೇ ತರಬೇತಿ ಆದವರು ಕೊಯ್ದಿರಬೇಕು. ಅಂದ ಮೇಲೆ ನಮ್ಮ ಸಂತೆಯ ಕೋಳಿ ಹೋಯಿತು. ಮೀನಿಗೆ ರೆಕ್ಕೆಯೂ ಹುರುಪೆಯೂ ಇರಬೇಕು. ಸಿಗಡಿ, ಏಡಿ ಇಲ್ಲ, ಮಳೆಗಾಲದ ಏಡಿ ಸಾರು ನೀವೇ ಉಣ್ಣಿ. ಮಾಂಸ ಮತ್ತು ಹಾಲು ಮೊಸರು ಒಟ್ಟಿಗೆ ಆಗುವುದಿಲ್ಲ, ಮಾಂಸ ತಿಂದ ಮೇಲೆ ಹಾಲಿನ ಕಾಫಿಗೂ ಎಷ್ಟೋ ಜನ ಆರು ಗಂಟೆ ಕಾಯುತ್ತಾರೆ. ಹಂದಿ ಬೇಯಿಸಿದ ಪಾತ್ರೆಯಲ್ಲಿ ಆಮೇಲೆ ಸೊಪ್ಪು ಬೇಯಿಸಿದರೂ ನಡೆಯದು, ಎಷ್ಟು ತಿಕ್ಕಿ ತೊಳೆದರೂ ಅಷ್ಟೇ. ಮನೆ ತಿಂಡಿ ಕಟ್ಟಿಕೊಂಡು ಹೋಗಬಾರದು ಅಂತ ಸಿದ್ದಾಪುರದವರಿಗೆ ಹೇಳಿದ್ದು ಇದಕ್ಕೇ. ನಮ್ಮ ಶುಚಿಯ ಮೇಲೆ ಅನುಮಾನ ಅಲ್ಲ, ಪಾತ್ರೆಯ ಚರಿತ್ರೆ ಅವರಿಗೆ ಗೊತ್ತಿರುವುದಿಲ್ಲ.

ಹಾಗಾಗಿ ಎರಡು ಹೊಸ ಸ್ಟೀಲ್ ಪಾತ್ರೆ, ಒಂದು ಹೊಸ ಬಾಣಲೆ, ಒಂದು ಚಾಕು, ಒಂದು ಸೌಟು ತಂದಿಟ್ಟು, ‘ಇದು ನಿನ್ನದು’ ಅಂತ ಅವಳ ಕೈಗೆ ಕೊಡಿ. ತಟ್ಟೆಯ ತಾಪತ್ರಯ ಬೇಡ, ಬಾಳೆಲೆ ಇದೆಯಲ್ಲ! ಆಮೇಲೆ ಆ ಪಾತ್ರೆಗಳಲ್ಲಿ ಪೂರ್ತಿ ತರಕಾರಿ ಅಡುಗೆ. ಕಡಂಬುಟ್ಟು, ನೂಲ್‌ಪುಟ್ಟು, ಅಕ್ಕಿ ಒಟ್ಟಿ, ಕಣಿಲೆ ಸಾರು, ಅಣಬೆ ಸಿಕ್ಕರೆ ಅಣಬೆ. ಇಷ್ಟು ಇದ್ದರೆ ಹುಡುಗಿ ತೂಕ ಹೆಚ್ಚಿಸಿಕೊಂಡೇ ವಾಪಸ್ ಹೋಗುತ್ತಾಳೆ. ಕೆಲವರು ಒಲೆ ತಾವೇ ಹೊತ್ತಿಸುತ್ತೇವೆ ಅನ್ನುತ್ತಾರೆ, ಹೊತ್ತಿಸಲಿ ಬಿಡಿ. ಸೊಪ್ಪನ್ನು ಮಾತ್ರ ಎಲೆ ಎಲೆ ಬಿಡಿಸಿ ತೊಳೆಯಿರಿ, ಅಕ್ಕಿಯನ್ನು ಮೊರದಲ್ಲಿ ಆರಿಸಿ. ಹುಳ ಹೊಟ್ಟೆಗೆ ಹೋದರೆ ಅವರಿಗೆ ಅದು ದೊಡ್ಡ ದೋಷ. ಮೊಟ್ಟೆ ಒಡೆದಾಗ ರಕ್ತದ ಚುಕ್ಕೆ ಕಂಡರೂ ಬಿಸಾಕುತ್ತಾರೆ.

ಮನೆ ವೈನ್ ಕೊಡುವುದಕ್ಕೆ ಮೊದಲು ಒಂದು ಮಾತು. ದ್ರಾಕ್ಷಿಯ ವೈನ್ ಆದರೆ ಯಹೂದಿಗಳೇ ಮಾಡಿದ್ದಿರಬೇಕು ಅನ್ನುವ ಕಟ್ಟಳೆ ಇದೆ. ಶುಂಠಿ, ನೆಲ್ಲಿಕಾಯಿ ವೈನಿಗೆ ಆ ಕಟ್ಟಳೆ ಇಲ್ಲ. ಆದರೆ ನಾವು ಎಲ್ಲದಕ್ಕೂ ಒಂದು ಹಿಡಿ ಒಣದ್ರಾಕ್ಷಿ ಹಾಕುತ್ತೇವಲ್ಲ? ಅದನ್ನು ಮುಚ್ಚಿಡದೆ ಹೇಳಿ, ಕುಡಿಯುವುದೋ ಬಿಡುವುದೋ ಅವಳೇ ನೋಡಿಕೊಳ್ಳುತ್ತಾಳೆ.

ಶುಕ್ರವಾರ ಸಂಜೆ ಅವಳನ್ನು ಜೀಪಿನಲ್ಲಿ ಎಲ್ಲಿಗೂ ಕರೆಯಬೇಡಿ. ಫ್ಲಾಸ್ಕಿನಲ್ಲಿ ಬಿಸಿನೀರು, ಮುಚ್ಚಿಟ್ಟ ಊಟ ಬೆಳಕಿರುವಾಗಲೇ ರೂಮಿಗೆ ಕೊಡಿ. ಲೈಟ್ ಯಾವುದು ಉರಿಯಬೇಕು, ಯಾವುದು ಬೇಡ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ನಮ್ಮಲ್ಲಿ ಕರೆಂಟ್ ತಾನಾಗಿಯೇ ಹೋಗುತ್ತದೆ ಅಂತಲೂ ಹೇಳಿಡಿ.

ಪ್ರಶ್ನೆ: ಅವರ ಹತ್ತಿರ ಕೊಳೆಯುವಷ್ಟು ದುಡ್ಡಿದೆ, ಊಟ ಹಾಕುತ್ತಾರೆ. ಕಾಫಿ ರೇಟ್ ನೋಡಿಕೊಂಡು ಬದುಕುವ ನಾವು ಯಾರಿಗೆ ಏನು ಕೊಡೋಣ? ನೀವು ಸುಮ್ನೆ ಹೊಗಳುತ್ತೀರಿ.
– ಸಣ್ಣ ಬೆಳೆಗಾರ, ಸೋಮವಾರಪೇಟೆ

ಉತ್ತರ: ಯಹೂದಿ ಅಂದರೆ ದುಡ್ಡು ಅನ್ನುವ ಮಾತು ಬಹಳ ಹಳೆಯದು, ಆ ಮಾತಿನಿಂದ ಅವರಿಗೆ ಆದ ಅನಾಹುತ ಲೋಕಕ್ಕೇ ಗೊತ್ತು. ಅದನ್ನು ಬಿಟ್ಟುಬಿಡಿ ಸ್ವಾಮಿ. ಹಿಲೆಲ್ ಶುರುವಾದ ಕಾಲದಲ್ಲಿ ಅಮೆರಿಕದ ಯಹೂದಿ ವಿದ್ಯಾರ್ಥಿಗಳಲ್ಲಿ ಬಹಳ ಜನ ಬಟ್ಟೆ ಹೊಲಿಯುವವರ, ಗಾಡಿ ತಳ್ಳಿ ಮಾರುವವರ ಮಕ್ಕಳು. ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಫೀಸ್ ಇರಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಅಂಥ ಮಕ್ಕಳು ಅಲ್ಲಿ ತುಂಬಿಕೊಂಡಿದ್ದರು. ದೊಡ್ಡ ಕಾಲೇಜುಗಳು ಅವರಿಗೆ ಬಾಗಿಲು ಸಣ್ಣದು ಮಾಡಿದವು. 1922ರಲ್ಲಿ ಹಾರ್ವರ್ಡ್‌ನ ಅಧ್ಯಕ್ಷ ಲಾರೆನ್ಸ್ ಲೋವೆಲ್ ಯಹೂದಿಗಳಿಗೆ ಇಷ್ಟೇ ಸೀಟು ಅಂತ ಮಿತಿ ಹಾಕಲು ಹೊರಟರು. ಅದು ನೇರವಾಗಿ ಆಗಲಿಲ್ಲ. ಆಮೇಲೆ ಅರ್ಜಿ ಜೊತೆ ಫೋಟೋ ಕೊಡಿ, ‘ಗುಣನಡತೆ’ ನೋಡುತ್ತೇವೆ ಅನ್ನುವ ದಾರಿಯಲ್ಲಿ ಅದನ್ನೇ ಮಾಡಿದರು. 1948ರಲ್ಲಿ ಯಹೂದಿಗಳು ದುಡ್ಡು ಕೂಡಿಸಿ ಬ್ರಾಂಡೈಸ್ ವಿಶ್ವವಿದ್ಯಾಲಯ ಕಟ್ಟಿದರು. ಆದರೆ ತಮಗೆ ಮಾತ್ರ ಅಂತ ಬೋರ್ಡ್ ಹಾಕಲಿಲ್ಲ, ಮೊದಲ ದಿನದಿಂದ ಎಲ್ಲ ಧರ್ಮದವರಿಗೂ ತೆರೆದಿಟ್ಟರು.

ದುಡ್ಡಿದ್ದವರ ಕಥೆಯೇ ಬೇಕಾದರೆ ಜೂಲಿಯಸ್ ರೋಸೆನ್‌ವಾಲ್ಡ್ ಇದ್ದಾರೆ. ಸಿಯರ್ಸ್ ಕಂಪನಿಯ ಮುಖ್ಯಸ್ಥ. ಕಪ್ಪು ಜನರ ನಾಯಕ ಬೂಕರ್ ವಾಷಿಂಗ್ಟನ್ ಜೊತೆ ಸೇರಿ 1912ರಲ್ಲಿ ಶುರುಮಾಡಿ, ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗಾಗಿ ಹತ್ತಿರ ಹತ್ತಿರ 5,000 ಶಾಲೆ ಎದ್ದು ನಿಲ್ಲುವ ಹಾಗೆ ಮಾಡಿದರು. ಆದರೆ ಪೂರ್ತಿ ದುಡ್ಡು ಅವರು ಕೊಡುತ್ತಿರಲಿಲ್ಲ. ಊರಿನವರು ತಮ್ಮ ಪಾಲು ಹಾಕಲೇಬೇಕಿತ್ತು. ಹತ್ತಿ ಹೊಲದಲ್ಲಿ ದುಡಿಯುವ ಬಡವರು ಜಾಗ ಕೊಟ್ಟರು, ಮರ ಕಡಿದು ಕೊಟ್ಟರು, ಮೈ ಮುರಿದು ಕೆಲಸ ಮಾಡಿದರು. ನಿಮ್ಮ ಹಾಗೆ ಬೆಳೆ ರೇಟ್ ನೋಡಿಕೊಂಡು ಬದುಕಿದವರೇ ಅವರು.

ಮತ್ತೆ ಯಹೂದಿ ಕಟ್ಟಳೆಯಲ್ಲಿ ಬಡವನಿಗೆ ರಿಯಾಯಿತಿ ಇಲ್ಲ. ದಾನ ತಗೊಂಡು ಬದುಕುವವನೂ ತನಗೆ ಬಂದದ್ದರಲ್ಲಿ ಸ್ವಲ್ಪ ಇನ್ನೊಬ್ಬನಿಗೆ ಕೊಡಬೇಕು. ಹಾಗೆಯೇ ಇದ್ದದ್ದನ್ನೆಲ್ಲ ಕೊಟ್ಟು ತಾನೇ ಬೀದಿಗೆ ಬರುವಂತೆಯೂ ಇಲ್ಲ. ಹತ್ತರಲ್ಲಿ ಒಂದು ಪಾಲು ವಾಡಿಕೆ, ಐದರಲ್ಲಿ ಒಂದಕ್ಕಿಂತ ಜಾಸ್ತಿ ಬೇಡ ಅಂತ ಹಿರಿಯರು ಗೆರೆ ಎಳೆದಿದ್ದಾರೆ.

ಪ್ರಶ್ನೆ: ನಾನು ಡಿಗ್ರಿ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ತೋಟದ ಕೆಲಸಗಾರರ ಲೈನ್ ಮನೆಗಳಿಂದ, ದೂರದ ಹಳ್ಳಿಗಳಿಂದ ಬರುವ ಮಕ್ಕಳು ಮಧ್ಯಾಹ್ನ ಊಟವಿಲ್ಲದೆ ಕೂರುವುದನ್ನು ನೋಡಿದ್ದೇನೆ. ಸ್ಟಾಫ್ ರೂಮಿನಲ್ಲಿ ದುಡ್ಡು ಸೇರಿಸಿ ಕೊಡಲು ಹೋದರೆ ಮಕ್ಕಳು ನಾಚಿಕೊಂಡು ‘ಊಟ ಆಯ್ತು ಮೇಡಂ’ ಅನ್ನುತ್ತಾರೆ. ನೀವು ಬರೆದ ಆ ಶುಕ್ರವಾರದ ಊಟದ ತರಹ ಇಲ್ಲಿ ಏನಾದರೂ ಮಾಡಬಹುದಾ?
– ಉಪನ್ಯಾಸಕಿ, ಮಡಿಕೇರಿ

ಉತ್ತರ: ಈ ಪತ್ರಕ್ಕಾಗಿಯೇ ನಾನು ಇಡೀ ಅಂಕಣ ಎತ್ತಿಟ್ಟದ್ದು ಅಂದರೂ ತಪ್ಪಿಲ್ಲ.

ಮೇಡಂ, ನಿಮ್ಮ ಮಕ್ಕಳು ನಾಚಿಕೊಳ್ಳುವುದು ಸರಿಯಾಗಿಯೇ ಇದೆ. ಕೊಡುವವರ ಮುಖ ಎದುರಿಗಿದೆ, ನಾಳೆ ಅದೇ ಮುಖ ಇಂಟರ್ನಲ್ ಮಾರ್ಕ್ಸ್ ಹಾಕಬೇಕು. ಯಾವ ಹುಡುಗಿ ಹಸಿವಾಗಿದೆ ಅಂತ ಬಾಯಿ ಬಿಡುತ್ತಾಳೆ? ಶುಕ್ರವಾರದ ಟೇಬಲ್‌ನಲ್ಲಿ ಈ ಕಷ್ಟ ಇಲ್ಲ. ಉಳ್ಳವನೂ ಇಲ್ಲದವನೂ ಅಕ್ಕಪಕ್ಕ ಕೂತು ಅದೇ ಸೂಪ್ ಕುಡಿಯುತ್ತಾರೆ, ಯಾರು ಹಸಿದು ಬಂದರು, ಯಾರು ಹಾಡಿಗೆ ಬಂದರು ಅಂತ ಯಾರೂ ಕೇಳುವುದಿಲ್ಲ.

ಇದರ ಹಿಂದೆ ಬಹಳ ಹಳೆಯ ಯೋಚನೆ ಇದೆ. ಹೊಲ ಕೊಯ್ಯುವಾಗ ಮೂಲೆಯ ಪೈರನ್ನು ಬಿಟ್ಟುಬಿಡಬೇಕು, ಉದುರಿದ ತೆನೆ ಹೆಕ್ಕಬಾರದು, ಅದು ಬಡವರದು, ಪರದೇಶಿಗಳದು ಅಂತ ಅವರ ಧರ್ಮಗ್ರಂಥದಲ್ಲೇ ಇದೆ. ಅದರ ಮೇಲೆ ಹಿರಿಯರು ಸೇರಿಸಿದ ಮಾತು ಇನ್ನೂ ಚೆನ್ನ. ಆ ಮೂಲೆಯ ಬೆಳೆ ಯಾರಿಗೆ ಅಂತ ಆರಿಸುವ ಹಕ್ಕು ಗದ್ದೆ ಯಜಮಾನನಿಗೆ ಇಲ್ಲ. ‘ಇವನು ನಮ್ಮವನು, ಇವನಿಗಿರಲಿ’ ಅನ್ನುವಂತಿಲ್ಲ. ಬಂದವನು ಕೊಯ್ದುಕೊಂಡು ಹೋಗುತ್ತಾನೆ, ಥ್ಯಾಂಕ್ಸ್ ಹೇಳಬೇಕಾಗಿಯೂ ಇಲ್ಲ. ನಾವು ಸುಗ್ಗಿ ಹಬ್ಬ ಪುತ್ತರಿಯ ದಿನ ಕದಿರು ತೆಗೆದು ಮನೆ ತುಂಬಿಸಿಕೊಳ್ಳುತ್ತೇವೆ, ಮನೆಗೆ ಬಂದವರಿಗೆ ಉಣ್ಣಿಸದೆ ಕಳಿಸುವುದಿಲ್ಲ, ಅದೆಲ್ಲ ನಿಜ. ಆದರೆ ನಮ್ಮ ಉದಾರತನಕ್ಕೆ ಹೆಸರು, ಮನೆತನ, ಪರಿಚಯ ಬೇಕು. ಯಾರ ಮಗ, ಯಾವ ಮನೆ ಅಂತ ಕೇಳಿದ ಮೇಲೇ ಎಲೆ ಹಾಕುವುದು. ಬೇಜಾರು ಮಾಡಿಕೊಳ್ಳಬೇಡಿ, ನಾನೂ ಹಾಗೇ ಕೇಳುವವಳು.

12ನೇ ಶತಮಾನದಲ್ಲಿ ಈಜಿಪ್ಟಿನಲ್ಲಿ ವೈದ್ಯನಾಗಿದ್ದ ಯಹೂದಿ ಪಂಡಿತ ಮೈಮೊನಿಡಿಸ್ ದಾನಕ್ಕೆ ಎಂಟು ಮೆಟ್ಟಿಲು ಹೇಳಿದ್ದಾನೆ. ಎಲ್ಲಕ್ಕಿಂತ ಕೆಳಗೆ, ಮುಖ ಗಂಟು ಹಾಕಿಕೊಂಡು ಕೊಡುವವನು. ಕೇಳಿದ ಮೇಲೆ ಕೊಡುವವನಿಗಿಂತ ಕೇಳುವ ಮೊದಲೇ ಕೊಡುವವನು ಮೇಲೆ. ಕೊಟ್ಟವನಿಗೆ ತಗೊಂಡವನು ಯಾರೆಂದು ಗೊತ್ತಿಲ್ಲ, ತಗೊಂಡವನಿಗೆ ಕೊಟ್ಟವನು ಗೊತ್ತಿಲ್ಲ, ಅದು ಮೇಲಿನಿಂದ ಎರಡನೆಯದು. ತುದಿಯಲ್ಲಿ ಇರುವುದು ಸಾಲವೋ, ಕೆಲಸವೋ, ವ್ಯಾಪಾರದಲ್ಲಿ ಪಾಲೋ ಕೊಟ್ಟು ಅವನು ಇನ್ನು ಯಾರ ಮುಂದೆಯೂ ಕೈಚಾಚದ ಹಾಗೆ ಮಾಡುವುದು. ನೀವು ಸ್ಟಾಫ್ ರೂಮಿನಲ್ಲಿ ಮಾಡಲು ಹೋದದ್ದು ನಡುವಿನ ಮೆಟ್ಟಿಲು. ಮೂರು ಮೆಟ್ಟಿಲು ಮೇಲೆ ಹತ್ತೋಣ.

ಕ್ಯಾಂಟೀನಿನವರ ಹತ್ತಿರ ಮಾತಾಡಿ. ತಿಂಗಳಿಗೆ ಇಷ್ಟು ಊಟ ಅಂತ ಮೊದಲೇ ದುಡ್ಡು ಕಟ್ಟಿ ಕೂಪನ್ ಮಾಡಿಸಿ. ಮಾರುವ ಕೂಪನ್ನಿಗೂ ಇದಕ್ಕೂ ಒಂದೇ ಬಣ್ಣ, ಒಂದೇ ಕಾಗದ ಇರಬೇಕು, ಇಲ್ಲದಿದ್ದರೆ ಮಾಡಿದ್ದೆಲ್ಲ ವ್ಯರ್ಥ. ಲೈಬ್ರರಿಯಲ್ಲೋ ಲೇಡೀಸ್ ರೂಮಿನಲ್ಲೋ ಒಂದು ಡಬ್ಬಿಯಲ್ಲಿ ಇಡಿ, ಬೇಕಾದವರು ತಗೊಳ್ಳಲಿ, ರಿಜಿಸ್ಟರ್ ಬೇಡ, ಸಹಿ ಬೇಡ. ಬೇಡದವರೂ ತಗೊಳ್ಳುತ್ತಾರೆ ಅಂತ ನಿಮ್ಮ ಸಹೋದ್ಯೋಗಿಗಳು ಖಂಡಿತ ಹೇಳುತ್ತಾರೆ. ತಗೊಳ್ಳುತ್ತಾರೆ, ನಿಜ. ಉಳ್ಳವರ ಮಕ್ಕಳು ನಾಲ್ಕು ಜನ ಪುಕ್ಕಟೆ ಊಟ ಮಾಡಿದರೆ ಮಾಡಲಿ, ಅವರು ತಿಂದಷ್ಟು ದಿನ ಆ ಕೂಪನ್ ಬಡವರ ಗುರುತು ಆಗುವುದಿಲ್ಲ. ಆ ನಷ್ಟವನ್ನು ನಾನಾದರೆ ಖುಷಿಯಿಂದ ಲೆಕ್ಕಕ್ಕೆ ಹಾಕಿಕೊಳ್ಳುತ್ತೇನೆ.

ದುಡ್ಡಿನ ಲೆಕ್ಕ ಮಾತ್ರ ಬಿಗಿಯಾಗಿರಲಿ. ಹಳೆಯ ಯಹೂದಿ ಊರುಗಳಲ್ಲಿ ವಾರದ ನಿಧಿಯನ್ನು ಒಬ್ಬನೇ ಹೋಗಿ ಎತ್ತುವಂತಿರಲಿಲ್ಲ, ಇಬ್ಬರು ಎತ್ತಬೇಕು, ಮೂವರು ಕೂತು ಹಂಚಬೇಕು. ಸುಮಾರು 1800 ವರ್ಷದ ಹಿಂದಿನ ನಿಯಮ ಇದು, ನಮ್ಮ ಎಷ್ಟೋ ಸಂಘಗಳಲ್ಲಿ ಇವತ್ತಿಗೂ ಬಂದಿಲ್ಲ.

ಊಟದ ಜೊತೆ ಇನ್ನೊಂದನ್ನೂ ನೋಡಿ. ಗೆಮಾಖ್ ಅಂತ ಅವರಲ್ಲಿ ಒಂದು ಪದ್ಧತಿ ಇದೆ. ಬಡ್ಡಿ ಇಲ್ಲದ ಸಣ್ಣ ಸಾಲ ಕೊಡುವುದು, ಅಥವಾ ವಸ್ತುಗಳನ್ನೇ ಕಡ ಕೊಡುವುದು. ಮದುವೆ ಬಟ್ಟೆ, ಮಕ್ಕಳ ತೊಟ್ಟಿಲು, ಪುಸ್ತಕ, ಏನು ಬೇಕಾದರೂ ಆಗಬಹುದು. ನ್ಯೂಯಾರ್ಕಿನಲ್ಲಿ 1892ರಲ್ಲಿ ಶುರುವಾದ ಬಡ್ಡಿಯಿಲ್ಲದ ಸಾಲದ ಸಂಘ ಇವತ್ತೂ ನಡೆಯುತ್ತಿದೆ. ನಿಮ್ಮ ಕಾಲೇಜಿಗೆ ಅಂದರೆ ಪರೀಕ್ಷೆ ಫೀಸ್, ಬಸ್ ಪಾಸ್, ಹಳೆಯ ಲ್ಯಾಪ್‌ಟಾಪ್, ಜೂನ್ ತಿಂಗಳಲ್ಲಿ ಒಳ್ಳೆಯ ರೈನ್‌ಕೋಟ್. ವರ್ಷ ಮುಗಿದ ಮೇಲೆ ವಾಪಸ್. ಕಡ ತಗೊಳ್ಳುವುದಕ್ಕೆ ಯಾರಿಗೂ ನಾಚಿಕೆ ಇಲ್ಲ, ಲೈಬ್ರರಿ ಪುಸ್ತಕ ತಗೊಳ್ಳುವುದಿಲ್ಲವಾ?

ದುಡ್ಡು ಎಲ್ಲಿಂದ ಅನ್ನುವುದು ಕಷ್ಟವಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಲಾರಿಗಟ್ಟಲೆ ಸಾಮಾನು ಬಂದದ್ದು ನೀವೂ ನೋಡಿದ್ದೀರಿ. ದುರಂತ ಆದಾಗ ನಮ್ಮ ಕೈ ತಾನಾಗಿಯೇ ಬಿಚ್ಚುತ್ತದೆ. ಪ್ರತಿ ತಿಂಗಳು ಸ್ವಲ್ಪ ಅಂದರೆ ಮಾತ್ರ ಮರೆಯುತ್ತೇವೆ. ಬೆಂಗಳೂರು, ದುಬೈ, ಕೆನಡಾದಲ್ಲಿ ಕೂತಿರುವ ನಿಮ್ಮ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು ಇದ್ದೇ ಇರುತ್ತದೆ, ಗುಡ್ ಮಾರ್ನಿಂಗ್ ಚಿತ್ರಗಳ ಮಧ್ಯೆ ‘ಒಂದು ಬುಧವಾರದ ಊಟ ಯಾರದು?’ ಅಂತ ಹಾಕಿ ನೋಡಿ. ದಾನಿಗಳ ಹೆಸರನ್ನು ಗೋಡೆಗೆ ಬರೆಯುವುದು ಬೇಡ.

ಪ್ರಶ್ನೆ: ಮಗನಿಗೂ ಹೊರದೇಶದಲ್ಲಿ ಯಹೂದಿ ಗೆಳೆಯರಿದ್ದಾರೆ. ಇಸ್ರೇಲ್, ಗಾಜಾ ವಿಷಯಕ್ಕೆ ಕಾಲೇಜುಗಳಲ್ಲಿ ಗಲಾಟೆ ಅಂತ ಓದಿದೆ. ಅಂಥ ಕಡೆ ಹೋಗುವುದು ಕ್ಷೇಮವಾ?
– ಪೊನ್ನಂಪೇಟೆ ಓದುಗರು

ಉತ್ತರ: 2023ರ ಅಕ್ಟೋಬರ್ 7ರ ಹಮಾಸ್ ದಾಳಿ, ಆಮೇಲಿನ ಗಾಜಾ ಯುದ್ಧದಿಂದ ಕ್ಯಾಂಪಸ್‌ಗಳು ಬಿಸಿಯಾದದ್ದು ನಿಜ. 2024ರಲ್ಲಿ ಎಷ್ಟೋ ಕಡೆ ವಿದ್ಯಾರ್ಥಿಗಳು ಟೆಂಟ್ ಹಾಕಿ ಕೂತರು. ಯಹೂದಿ ಮಕ್ಕಳಲ್ಲೂ ಒಂದೇ ಅಭಿಪ್ರಾಯ ಇಲ್ಲ, ಟೆಂಟಿನ ಒಳಗೂ ಇದ್ದರು, ಎದುರಿಗೂ ಇದ್ದರು. ಹಲವು ಕೇಂದ್ರಗಳ ಬಾಗಿಲಲ್ಲಿ ಈಗ ಗಾರ್ಡ್ ಇರುತ್ತಾನೆ, ಗುರುತಿನ ಚೀಟಿ ಕೇಳಬಹುದು, ತೋರಿಸಲಿ. ಊಟಕ್ಕೆ ಕೂತ ಕೂಡಲೇ ‘ನಿಮ್ಮ ಇಸ್ರೇಲ್ ಯಾಕೆ ಹೀಗೆ ಮಾಡಿತು’ ಅಂತ ಶುರುಮಾಡಬೇಡ ಅನ್ನಿ. ಎದುರಿಗಿರುವ ಹುಡುಗ ಚಿಕಾಗೋದವನು, ಅವನಿಗೂ ನಾಳೆ ಅಸೈನ್‌ಮೆಂಟ್ ಇದೆ. ಅವನೇ ಮಾತು ತೆಗೆದರೆ ಕೇಳಲಿ, ತನ್ನ ಅಭಿಪ್ರಾಯವನ್ನೂ ಮರ್ಯಾದೆಯಿಂದ ಹೇಳಲಿ.

ಪ್ರಶ್ನೆ: ಅಕ್ಕಾ, ನಾನು ನಾಪೋಕ್ಲಿನವನು, ಈಗ ಹೊರಗೆ ಓದುತ್ತಿದ್ದೇನೆ. ಅಮ್ಮ ನಿಮ್ಮ ಅಂಕಣದ ಫೋಟೋ ಕಳಿಸಿದರು. ನಾನೂ ಆ ಶುಕ್ರವಾರದ ಊಟ ತುಂಬಾ ಸಲ ಮಾಡಿದ್ದೇನೆ. ಈಗ ಋಣ ಅನ್ನಿಸುತ್ತಿದೆ. ದುಡ್ಡು ಕೊಡಲು ಹೋದರೆ ನಕ್ಕರು. ಏನು ಮಾಡಲಿ?
– ವಿದ್ಯಾರ್ಥಿ

ಉತ್ತರ: ಶುಕ್ರವಾರ ರಾತ್ರಿ ಕೊಡಲು ಹೋದೆಯಾ? ಶಬ್ಬಾತ್‌ನಲ್ಲಿ ಅವರು ದುಡ್ಡು ಮುಟ್ಟುವುದಿಲ್ಲ ತಮ್ಮಾ, ನಕ್ಕದ್ದು ಅದಕ್ಕೇ ಇರಬೇಕು. ಬೇರೆ ದಿನ ಹೋಗು. ಬಾಗಿಲ ಹತ್ತಿರ ಕಾಣಿಕೆ ಡಬ್ಬಿ ಇರುತ್ತದೆ, ತ್ಸೆದಾಕಾ ಡಬ್ಬಿ ಅನ್ನುತ್ತಾರೆ, ಅದಕ್ಕೆ ಹಾಕು, ಎಷ್ಟು ಅಂತ ಯಾರೂ ನೋಡುವುದಿಲ್ಲ.

ದುಡ್ಡಿಗಿಂತ ಕೈ ಅವರಿಗೆ ಜಾಸ್ತಿ ಉಪಯೋಗ. ಗುರುವಾರ ಸಂಜೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವವರು, ಕುರ್ಚಿ ಜೋಡಿಸುವವರು ಯಾವಾಗಲೂ ಕಮ್ಮಿ. ಕೋಶರ್ ಅಡುಗೆಮನೆ ಆದ್ದರಿಂದ ಮಾಂಸದ ಚಾಕು, ಹಾಲಿನ ಚಾಕು ಬೇರೆ ಬೇರೆ, ಹೇಳಿದ್ದನ್ನು ಮಾತ್ರ ಮುಟ್ಟು, ಬುದ್ಧಿವಂತಿಕೆ ಬೇಡ. ಶರತ್ಕಾಲದಲ್ಲಿ ಸುಕ್ಕೋತ್ ಹಬ್ಬಕ್ಕೆ ಅಂಗಳದಲ್ಲಿ ಸೊಪ್ಪು ಹೊದಿಸಿ ಗುಡಿಸಲು ಕಟ್ಟುತ್ತಾರೆ, ವಾರ ಪೂರ್ತಿ ಅದರಲ್ಲೇ ಊಟ. ಚಪ್ಪರ ಹಾಕಿ ಗೊತ್ತಿರುವ ಕೊಡಗಿನ ಹುಡುಗ ಅಲ್ಲಿ ಬಂಗಾರ!

ಊರಿಂದ ಏನಾದರೂ ಕೊಡಬೇಕು ಅನ್ನಿಸಿದರೆ ಕಾಫಿ ಪುಡಿ. ಬೇರೆ ಪರಿಮಳ ಸೇರಿಸದ, ಚಿಕೋರಿ ಇಲ್ಲದ ಶುದ್ಧ ಕಾಫಿಗೆ ಕೋಶರ್ ಮುದ್ರೆ ಬೇಕು ಅಂತ ಸಾಮಾನ್ಯವಾಗಿ ಕೇಳುವುದಿಲ್ಲ. ಪ್ಯಾಕೆಟ್ ಒಡೆಯದೆ ಕೊಡು, ಮೊದಲು ರಬ್ಬಿಯನ್ನು ಕೇಳಿಯೇ ಕೊಡು. ಮತ್ತೆ ನಿನ್ನ ಅಮ್ಮನಿಗೆ ಹೇಳು, ಮಡಿಕೇರಿಯ ಆ ಮೇಡಂ ಕೂಪನ್ ಶುರುಮಾಡಿದರೆ ಒಂದು ಬುಧವಾರ ನಿನ್ನ ಲೆಕ್ಕಕ್ಕೆ ಅಂತ.